ಎಂ32 ಹುಟ್ಟಿದ್ದೇ ಇಷ್ಟು ಚಿಕ್ಕದಾಗಿಯಾ, ಇಲ್ಲಾ ಯಾರಾದರೂ ಸುಲಿದು ಚಿಕ್ಕದು ಮಾಡಿದರಾ?

ಚುಕ್ಕಿ ಎಣಿಸುವವ:
ಕಳೆದ ವಾರ ಆಕಾಶ ತಿಳಿಯಾಗಿತ್ತು. ನನ್ನ ಆರು ಇಂಚಿನ ಟೆಲಿಸ್ಕೋಪನ್ನು ಆಂಡ್ರೊಮಿಡಾ ಗ್ಯಾಲಕ್ಸಿ ಕಡೆ ತಿರುಗಿಸಿದೆ. ಅದರ ಪಕ್ಕದಲ್ಲಿ ಎರಡು ಪುಟ್ಟ ಗ್ಯಾಲಕ್ಸಿಗಳಿವೆ ಅಲ್ವಾ, ಎಂ32 ಮತ್ತು ಎಂ110. ಎಂ32 ತಕ್ಷಣ ಕಣ್ಣಿಗೆ ಬಿತ್ತು, ಸ್ವಲ್ಪ ಮಸುಕಾದ ನಕ್ಷತ್ರದ ಹಾಗೆ. ಎಂ110 ಹುಡುಕಲು ಮಾತ್ರ ಕಾಲು ಗಂಟೆ ಒದ್ದಾಡಿದೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಎರಡರ ಒಟ್ಟು ಬೆಳಕೂ ಹೆಚ್ಚುಕಮ್ಮಿ ಒಂದೇ! ಕಾಂತಿಮಾನ ಎಂಟರ ಆಸುಪಾಸು. ಎಂ32 ತನ್ನ ಬೆಳಕನ್ನೆಲ್ಲ ಮುಷ್ಟಿಯಲ್ಲಿ ಹಿಡಿದುಕೊಂಡಿದೆ, ಎಂ110 ಹರಡಿಕೊಂಡು ಮಲಗಿದೆ.

ಇದು ಯಾಕೆ ಹೀಗೆ ಅಂತ ಓದಲು ಕೂತವನು ಮೂರು ದಿನದಿಂದ ಎದ್ದಿಲ್ಲ. ಎಂ32ಕ್ಕಿಂತಲೂ ಚಿಕ್ಕವು ಇವೆಯಂತೆ, ಅತಿಸಾಂದ್ರ ಕುಬ್ಜ ಗ್ಯಾಲಕ್ಸಿಗಳು, ಚಿಕ್ಕದಾಗಿ ಯುಸಿಡಿ. ಒಬ್ಬರು ಇವು ದೊಡ್ಡ ಗ್ಯಾಲಕ್ಸಿಯ ಉಳಿಕೆ ಅಂತಾರೆ. ಇನ್ನೊಬ್ಬರು ಹುಟ್ಟಿದ್ದೇ ಹಾಗೆ ಅಂತಾರೆ. ಯಾರನ್ನು ನಂಬಬೇಕು? ಇನ್ನೊಂದು ಪ್ರಶ್ನೆ: ಇಷ್ಟು ಚಿಕ್ಕದನ್ನು ನಕ್ಷತ್ರಗುಚ್ಛ ಅನ್ನದೆ ಗ್ಯಾಲಕ್ಸಿ ಅನ್ನುವುದು ಯಾಕೆ?

ರಾತ್ರಿಪಾಳಿ:
ಇಬ್ಬರನ್ನೂ ನಂಬಿ. ಜಗಳ ಶುರುವಾಗಲಿ, ನಾನು ಮುಂದಿನ ಸಾಲಿನಲ್ಲಿ ಕೂತಿದ್ದೇನೆ.

ಅರುಂಧತಿ:
ಮೊದಲು ಒಂದು ಗೊಂದಲ ಬಿಡಿಸೋಣ. "ಸಾಂದ್ರ ಕುಬ್ಜ" ಅನ್ನುವುದು ಮೈಕಟ್ಟು ನೋಡಿ ಇಟ್ಟ ಹೆಸರು. ಮೈಕಟ್ಟು ಒಂದೇ ಥರ ಇದೆ ಅಂತ ಇಬ್ಬರು ಅಣ್ಣತಮ್ಮಂದಿರು ಆಗಿಬಿಡುವುದಿಲ್ಲ. ಎಂ32 ಸಾಂದ್ರ ದೀರ್ಘವೃತ್ತಾಕಾರದ ಗ್ಯಾಲಕ್ಸಿ. ಅದರ ಅರ್ಧ ಬೆಳಕು ನಡುವಿನ ಕೆಲವೇ ನೂರು ಜ್ಯೋತಿರ್ವರ್ಷಗಳ ಒಳಗಿದೆ. ಅನಿಲ ಇಲ್ಲವೇ ಇಲ್ಲ ಅನ್ನಬಹುದು, ಹೊಸ ನಕ್ಷತ್ರಗಳ ಸುಳಿವಿಲ್ಲ. ಯುಸಿಡಿಗಳು ಇದಕ್ಕಿಂತ ಚಿಕ್ಕವು. ಅರ್ಧ ಬೆಳಕಿನ ತ್ರಿಜ್ಯ ಸುಮಾರು 30ರಿಂದ 300 ಜ್ಯೋತಿರ್ವರ್ಷ, ತೂಕ ಕೆಲವು ಹತ್ತು ಲಕ್ಷ ಸೂರ್ಯರಿಂದ ಹತ್ತು ಕೋಟಿ ಸೂರ್ಯರ ಆಸುಪಾಸಿನವರೆಗೆ. ಇವೆರಡಕ್ಕೂ ಸಂಬಂಧವೇ ಇಲ್ಲದ ಇನ್ನೊಂದು ಜಾತಿ ಇದೆ: ನೀಲಿ ಸಾಂದ್ರ ಕುಬ್ಜಗಳು. ಅವುಗಳಲ್ಲಿ ಅನಿಲ ತುಂಬಿ ತುಳುಕುತ್ತದೆ, ನಕ್ಷತ್ರಗಳು ರಭಸದಿಂದ ಹುಟ್ಟುತ್ತಿರುತ್ತವೆ.

ಹಾಗಾಗಿ "ಸಾಂದ್ರ ಕುಬ್ಜಗಳ ಮೂಲ ಯಾವುದು" ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಎಂ32 ಮತ್ತು ದಪ್ಪ ಯುಸಿಡಿಗಳ ವಿಷಯದಲ್ಲಿ ನಾನು ಸುಲಿದವರ ಪಕ್ಷ.

ಹಠಮಾರಿ:
ಬಂತಪ್ಪ ಸುಲಿಗೆ ಕತೆ. ಎಲ್ಲಿ ಚಿಕ್ಕದೊಂದು ಕಂಡರೂ "ಪಾಪ, ಯಾರೋ ಸುಲಿದಿದ್ದಾರೆ" ಅನ್ನುವುದು ಈಗ ಫ್ಯಾಶನ್. ಯುಸಿಡಿ ಅಂದರೆ ದಪ್ಪಗಾದ ಗೋಳಗುಚ್ಛ (ಚೆಂಡಿನ ಹಾಗೆ ಒತ್ತಾಗಿ ಕೂಡಿದ ಹಳೆ ನಕ್ಷತ್ರಗಳ ಗುಂಪು), ಅಷ್ಟೇ. ಗೋಳಗುಚ್ಛಗಳ ಪಟ್ಟಿಯಲ್ಲಿ ತೂಕ ಏರಿಸುತ್ತಾ ಹೋಗಿ, ನಡುವೆ ಎಲ್ಲೂ ಗೋಡೆ ಇಲ್ಲದೆ ಸೀದಾ ಯುಸಿಡಿಗಳಿಗೆ ಬಂದು ನಿಲ್ಲುತ್ತೀರಿ. ಇಲ್ಲದ ಗಡಿಗೆ ಬೇಲಿ ಹಾಕಿದವರು ನೀವು.

ಮೂರನೇ ಬೆಂಚು:
ಸುಲಿಯುವುದು ಅಂದರೆ ಏನು ಸ್ವಾಮೀ? ಗ್ಯಾಲಕ್ಸಿ ಏನು ಬಟ್ಟೆ ಹಾಕಿಕೊಂಡಿರುತ್ತದಾ? ಕೇಳಿದರೆ ನಗಬೇಡಿ.

ಲೆಕ್ಕದ ಮೇಷ್ಟ್ರು:
ನಗುವುದಿಲ್ಲ, ಒಳ್ಳೆ ಪ್ರಶ್ನೆ. ಸಮುದ್ರದ ಉಬ್ಬರವಿಳಿತ ಗೊತ್ತಲ್ಲ, ಅದೇ ಆಟ. ದೊಡ್ಡ ಗ್ಯಾಲಕ್ಸಿಯ ಸುತ್ತ ಚಿಕ್ಕದು ಸುತ್ತುತ್ತಿದೆ ಅಂದುಕೊಳ್ಳಿ. ಚಿಕ್ಕದರ ಹತ್ತಿರದ ಅಂಚನ್ನು ದೊಡ್ಡದು ಜೋರಾಗಿ ಎಳೆಯುತ್ತದೆ, ದೂರದ ಅಂಚನ್ನು ಮೆಲ್ಲಗೆ. ಈ ವ್ಯತ್ಯಾಸವೇ ಚಿಕ್ಕದನ್ನು ಹಿಗ್ಗಿಸುತ್ತದೆ. ಹೊರಗಿನ ನಕ್ಷತ್ರಗಳ ಮೇಲೆ ಚಿಕ್ಕದರ ಹಿಡಿತ ಮೊದಲೇ ಸಡಿಲ. ಅವು ಕೈಜಾರಿ ಹೋಗುತ್ತವೆ.

ಯಾವುದು ಉಳಿಯುತ್ತದೆ ಅನ್ನುವುದಕ್ಕೆ ಒಂದು ಒರಟು ಲೆಕ್ಕ ಇದೆ. ಚಿಕ್ಕ ಗ್ಯಾಲಕ್ಸಿಯ ಒಂದು ಭಾಗದ ಸರಾಸರಿ ಸಾಂದ್ರತೆ, ಅದು ಸುತ್ತುವ ಕಕ್ಷೆಯ ಒಳಗಿರುವ ದೊಡ್ಡ ಗ್ಯಾಲಕ್ಸಿಯ ಸರಾಸರಿ ಸಾಂದ್ರತೆಗಿಂತ ಕೆಲವು ಪಟ್ಟು ಜಾಸ್ತಿ ಇದ್ದರೆ ಆ ಭಾಗ ಬಚಾವ್. ಕಮ್ಮಿ ಇದ್ದರೆ ಹೋಯಿತು. ತುಂಬಾ ಕುಬ್ಜ ಗ್ಯಾಲಕ್ಸಿಗಳ ನಟ್ಟನಡುವೆ ಬಿಗಿಯಾದ ನಕ್ಷತ್ರಗುಚ್ಛವೊಂದು ಇರುತ್ತದೆ, ಅದಕ್ಕೆ ಗರ್ಭ ಅನ್ನೋಣ. ಇಂಥ ಗ್ಯಾಲಕ್ಸಿ ಉದ್ದನೆಯ ಕಕ್ಷೆಯಲ್ಲಿ ಮತ್ತೆ ಮತ್ತೆ ದೊಡ್ಡದರ ಹತ್ತಿರ ಹಾಯ್ದರೆ ಹೊರ ಮೈ ಪೂರ್ತಿ ಹೋಗಿ ಗರ್ಭ ಮಾತ್ರ ಉಳಿಯುತ್ತದೆ. 2001ರಲ್ಲಿ ಬೆಕ್ಕಿ, ಕೌಚ್ ಮತ್ತು ಡ್ರಿಂಕ್‌ವಾಟರ್ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ ತೋರಿಸಿದರು. ಅವರು ಇದಕ್ಕೆ ಇಟ್ಟ ಹೆಸರು ಒಕ್ಕಣೆ! ತೆನೆ ಬಡಿದು ಹೊಟ್ಟು ಹಾರಿಸಿದರೆ ಕಾಳು ಉಳಿಯುತ್ತದಲ್ಲ, ಹಾಗೆ.

ಮೂರನೇ ಬೆಂಚು:
ಈಗ ತಲೆಗೆ ಹೋಯಿತು. ಒಕ್ಕಣೆ ಅನ್ನುವುದು ಸುಲಿಗೆಗಿಂತ ಚೆನ್ನಾಗಿದೆ.

ಧೂಮಕೇತು:
ನನಗೆ ಅನಿಸುವುದು, ನಡುವಿನ ಕಪ್ಪುಕುಳಿ ಎಲ್ಲವನ್ನೂ ಒಳಗೆ ಎಳೆದುಕೊಂಡು ಗ್ಯಾಲಕ್ಸಿ ಚಿಕ್ಕದಾಗಿರಬೇಕು. ಇಷ್ಟು ಸುಲಭದ ಉತ್ತರ ಯಾರೂ ಹೇಳುತ್ತಿಲ್ಲವಲ್ಲ!

ಲೆಕ್ಕದ ಮೇಷ್ಟ್ರು:
ಯಾಕೆಂದರೆ ಅದು ತಪ್ಪು. ಕಪ್ಪುಕುಳಿ ಕಸ ಎಳೆಯುವ ಮೆಷಿನ್ ಅಲ್ಲ. ಅದರ ಹಿಡಿತ ನಡೆಯುವುದು ತೀರಾ ಹತ್ತಿರದ ನಕ್ಷತ್ರಗಳ ಮೇಲೆ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಇದೇ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ಚಳಿಗೆ ಸಾಯುತ್ತೇವೆ, ಆ ಮಾತು ಬೇರೆ.

ಅರುಂಧತಿ:
ಆದರೆ ಧೂಮಕೇತು ಅವರು ಗೊತ್ತಿಲ್ಲದೇ ಸರಿಯಾದ ಬಾಗಿಲು ತಟ್ಟಿದ್ದಾರೆ. ಹಠಮಾರಿಯವರೇ, ಇದು ನಿಮಗೆ. ಕನ್ಯಾ ಗುಚ್ಛದಲ್ಲಿ (ಇದು ನಕ್ಷತ್ರಗಳದ್ದಲ್ಲ, ಗ್ಯಾಲಕ್ಸಿಗಳದ್ದೇ ಗುಚ್ಛ) ಎಂ60 ಎಂಬ ದೊಡ್ಡ ಗ್ಯಾಲಕ್ಸಿ ಇದೆ, ನಮ್ಮಿಂದ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರ. ಅದರ ಪಕ್ಕದಲ್ಲಿ ಎಂ60-ಯುಸಿಡಿ1 ಅಂತ ಒಂದು ಪುಟಾಣಿ, ಅಗಲ ಸುಮಾರು 300 ಜ್ಯೋತಿರ್ವರ್ಷ. ತೂಕ 14 ಕೋಟಿ ಸೂರ್ಯರು. 2014ರಲ್ಲಿ ಅನಿಲ್ ಸೇಠ್ ಮತ್ತು ಸಂಗಡಿಗರು ಅದರ ನಕ್ಷತ್ರಗಳ ವೇಗ ಅಳೆದರು. ನಡುವಿನಲ್ಲಿ 2.1 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಕೂತಿತ್ತು. ಇಡೀ ಗ್ಯಾಲಕ್ಸಿಯ ತೂಕದಲ್ಲಿ 15 ಪರ್ಸೆಂಟ್!

ಹೋಲಿಕೆಗೆ ಹೇಳುತ್ತೇನೆ, ನಮ್ಮ ಹಾಲುಹಾದಿಯ ನಡುವಿನ ಕಪ್ಪುಕುಳಿ ಕೇವಲ 40 ಲಕ್ಷ ಸೂರ್ಯರಷ್ಟು. ಇಷ್ಟು ದೊಡ್ಡ ಗ್ಯಾಲಕ್ಸಿಗೆ ಅಷ್ಟು ಚಿಕ್ಕದು, ಅಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡದು. ಗೋಳಗುಚ್ಛ ತನ್ನಷ್ಟಕ್ಕೆ ತಾನು ಇಂಥ ಕಪ್ಪುಕುಳಿಯನ್ನು ಹೇಗೆ ಬೆಳೆಸಿತು ಹೇಳಿ? ಒಂದು ಕಾಲದಲ್ಲಿ ಇದು ಭಾರಿ ಗ್ಯಾಲಕ್ಸಿಯಾಗಿತ್ತು, ಮನೆ ಬಿದ್ದು ತಿಜೋರಿ ಮಾತ್ರ ನಿಂತಿದೆ ಎಂದರೆ ಲೆಕ್ಕ ಕೂಡುತ್ತದೆ.

ರಾತ್ರಿಪಾಳಿ:
300 ಜ್ಯೋತಿರ್ವರ್ಷದೊಳಗೆ 14 ಕೋಟಿ ಸೂರ್ಯರು ಅಂದರೆ ಅಲ್ಲಿ ರಾತ್ರಿ ಅನ್ನುವುದೇ ಇರಲಿಕ್ಕಿಲ್ಲ. ನನ್ನಂಥವರಿಗೆ ಕೆಲಸವೇ ಇಲ್ಲ.

ಅರುಂಧತಿ:
ಅಲ್ಲಿನ ಗ್ರಹವೊಂದರಿಂದ ನೋಡಿದರೆ ಬರಿಗಣ್ಣಿಗೆ ಹತ್ತು ಲಕ್ಷ ನಕ್ಷತ್ರ ಕಾಣಬಹುದು ಎಂದು ಕಂಡುಹಿಡಿದವರೇ ಹೇಳಿದ್ದರು. ನಮಗೆ ಕಾಣುವುದು ಕೆಲವೇ ಸಾವಿರ. ಎಂ110 ಹುಡುಕುವ ಆಸೆ ಅಲ್ಲಿ ಬಿಟ್ಟುಬಿಡಿ.

ಹಠಮಾರಿ:
ಸರಿ, ಒಂದಕ್ಕೆ ಒಪ್ಪಿದೆ. ಒಂದು ಮನೆಯ ತಿಜೋರಿ ತೋರಿಸಿ ಊರೆಲ್ಲ ಶ್ರೀಮಂತರು ಅನ್ನುತ್ತೀರಲ್ಲ, ಅದಕ್ಕೆ ನನ್ನ ತಕರಾರು. ಎನ್‌ಜಿಸಿ 7252 ಕೇಳಿದ್ದೀರಾ? ಎರಡು ಗ್ಯಾಲಕ್ಸಿಗಳು ಡಿಕ್ಕಿ ಹೊಡೆದು ಒಂದಾದ ಜಾಗ. ಅಲ್ಲಿ ಡಬ್ಲ್ಯೂ3 ಅಂತ ಒಂದು ನಕ್ಷತ್ರಗುಚ್ಛ ಇದೆ. 2004ರಲ್ಲಿ ತೂಗಿ ನೋಡಿದರು, ಸುಮಾರು 8 ಕೋಟಿ ಸೂರ್ಯರು. ವಯಸ್ಸು ಕೆಲವೇ ಹತ್ತು ಕೋಟಿ ವರ್ಷ, ಅಂದರೆ ಹಸುಗೂಸು. ಇದನ್ನು ಯಾರೂ ಸುಲಿದಿಲ್ಲ, ಸುಲಿಯಲು ಟೈಮೇ ಸಾಕಾಗಿಲ್ಲ. ಡಿಕ್ಕಿಯ ಜಾಗದಲ್ಲಿ ಅನಿಲ ಒತ್ತಿಕೊಂಡು ಒಂದೇ ಹೊಡೆತಕ್ಕೆ ರಾಶಿ ರಾಶಿ ಗುಚ್ಛಗಳು ಹುಟ್ಟುತ್ತವೆ, ಅಕ್ಕಪಕ್ಕದವು ಸೇರಿ ಒಂದಾಗುತ್ತವೆ. ಇನ್ನು ಸಾವಿರ ಕೋಟಿ ವರ್ಷ ಬಿಟ್ಟು ಇದನ್ನೇ ನೋಡಿ, ನಿಮ್ಮ ಯುಸಿಡಿಯ ತದ್ರೂಪು.

ಅರುಂಧತಿ:
ಡಬ್ಲ್ಯೂ3 ಒಳ್ಳೆ ಏಟು, ಒಪ್ಪುತ್ತೇನೆ. ಅದಕ್ಕೇ ನಾನು "ದಪ್ಪ ಯುಸಿಡಿ" ಅಂದಿದ್ದು. ಹಗುರದವುಗಳಲ್ಲಿ ತುಂಬಾ ಪಾಲು ನಿಮ್ಮ ಕಡೆಯವೇ ಇರಬಹುದು. ಆದರೆ ಇನ್ನೊಂದು ಹಳೆ ಒಗಟು ಇತ್ತಲ್ಲ. ದಪ್ಪ ಯುಸಿಡಿಗಳ ನಕ್ಷತ್ರಗಳ ವೇಗದಿಂದ ಸಿಗುವ ತೂಕ, ಬೆಳಕಿನಿಂದ ಸಿಗುವ ತೂಕಕ್ಕಿಂತ ಜಾಸ್ತಿ ಬರುತ್ತಿತ್ತು. ಕೆಲವರು ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಬೀರದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯ, ಅಂದರು. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಡಾರ್ಕ್ ಮ್ಯಾಟರ್ ತುಂಬಲು ಆಗುವುದಿಲ್ಲ ಅಂತ ಇನ್ನು ಕೆಲವರು ಹುಟ್ಟುವ ದೊಡ್ಡ, ಚಿಕ್ಕ ನಕ್ಷತ್ರಗಳ ಅನುಪಾತವೇ ಬೇರೆ ಇರಬೇಕು ಅಂದರು. ಕೊನೆಗೆ ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವ ಹಾಗೆ, ಲೆಕ್ಕಕ್ಕೆ ಸಿಗದ ತೂಕ ಕಪ್ಪುಕುಳಿಯ ರೂಪದಲ್ಲಿ ಬಂತು. ಫಾರ್ನಾಕ್ಸ್ ಎಂಬ ಇನ್ನೊಂದು ಗ್ಯಾಲಕ್ಸಿ ಗುಚ್ಛದ ಯುಸಿಡಿ3ರಲ್ಲೂ 2018ರಲ್ಲಿ ಸಿಕ್ಕಿತು, ಸುಮಾರು 33 ಲಕ್ಷ ಸೂರ್ಯರಷ್ಟು.

ಸುಮ್ನೆ ಓದುಗ:
ನಾನು ಎರಡು ವರ್ಷದಿಂದ ಇಲ್ಲಿ ಓದಿಕೊಂಡು ಮಾತ್ರ ಹೋಗುತ್ತಿದ್ದೆ. ಇವತ್ತು ಬಾಯಿ ಬಿಡಲೇಬೇಕು. ಈ ಯುಸಿಡಿಗಳು 1999-2000ರವರೆಗೆ ಯಾರಿಗೂ ಕಾಣದೆ ಎಲ್ಲಿದ್ದವು? ಎಂ32ರ ಹಾಗೆ ಬೆಳಗುವ ವಸ್ತು ಅಲ್ವಾ?

ಲೆಕ್ಕದ ಮೇಷ್ಟ್ರು:
ಕಂಡಿದ್ದವು, ಯಾರೂ ಗುರುತಿಸಿರಲಿಲ್ಲ. 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 300 ಜ್ಯೋತಿರ್ವರ್ಷದ ವಸ್ತು ಎಷ್ಟು ದಪ್ಪ ಕಾಣುತ್ತದೆ ಲೆಕ್ಕ ಹಾಕಿ: ಸುಮಾರು 0.1 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ನೆಲದ ಮೇಲಿನ ಟೆಲಿಸ್ಕೋಪಿಗೆ ಗಾಳಿಯ ನಡುಕದಿಂದಲೇ ಒಂದು ಆರ್ಕ್‌ಸೆಕೆಂಡ್ ಮಸುಕು ಇರುತ್ತದೆ. ಹಾಗಾಗಿ ಫೋಟೋದಲ್ಲಿ ಬರೀ ಒಂದು ನಕ್ಷತ್ರ.

ಚುಕ್ಕಿ ಎಣಿಸುವವ:
ಮೇಷ್ಟ್ರೇ, ನಾನೂ ಹಾಕಿದೆ. ನನಗೆ 1.1 ಬರುತ್ತಿದೆ. 300ನ್ನು 5.4 ಕೋಟಿಯಿಂದ ಭಾಗಿಸಿ 2,06,265ರಿಂದ ಗುಣಿಸಿದೆ.

ಲೆಕ್ಕದ ಮೇಷ್ಟ್ರು:
ನಿಮ್ಮದೇ ಸರಿ. ಒಂದು ಸೊನ್ನೆ ನುಂಗಿದ್ದೆ. ಹೆಸರು ಬದಲಿಸಿಕೊಳ್ಳುತ್ತೇನೆ. ಒಂದು ಆರ್ಕ್‌ಸೆಕೆಂಡ್ ಅಂದರೂ ಗಾಳಿಯ ಮಸುಕಿನಷ್ಟೇ, ಅದರಲ್ಲೂ ಬೆಳಕೆಲ್ಲ ನಡುವಿನಲ್ಲೇ ಇರುವುದರಿಂದ ನಕ್ಷತ್ರದಿಂದ ಬೇರೆ ಮಾಡುವುದು ಕಷ್ಟ. ಮಾತು ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಅರುಂಧತಿ:
ಫಾರ್ನಾಕ್ಸ್‌ನಲ್ಲಿ ಸಿಕ್ಕಿಬಿದ್ದ ರೀತಿ ನನಗೆ ತುಂಬಾ ಇಷ್ಟ. ಆಸ್ಟ್ರೇಲಿಯಾದಲ್ಲಿರುವ ಆಂಗ್ಲೊ-ಆಸ್ಟ್ರೇಲಿಯನ್ ಟೆಲಿಸ್ಕೋಪಿಗೆ ಒಂದೇ ಸಲಕ್ಕೆ 400 ವಸ್ತುಗಳ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸುವ ಉಪಕರಣ ಜೋಡಿಸಿದ್ದರು. ಡ್ರಿಂಕ್‌ವಾಟರ್ ತಂಡ ಇದು ನಕ್ಷತ್ರ, ಇದು ಗ್ಯಾಲಕ್ಸಿ ಅಂತ ಮೊದಲೇ ಆರಿಸದೆ, ಚೌಕಟ್ಟಿನಲ್ಲಿ ಬಿದ್ದಿದ್ದನ್ನೆಲ್ಲ ಅಳೆಯಿತು. ನಕ್ಷತ್ರ ಅಂದುಕೊಂಡಿದ್ದ ಕೆಲವು ಚುಕ್ಕಿಗಳು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ವೇಗದಲ್ಲಿ ದೂರ ಓಡುತ್ತಿದ್ದವು. ಫಾರ್ನಾಕ್ಸ್ ಗುಚ್ಛ ಓಡುವ ವೇಗವೂ ಅದೇ. ಅಂದರೆ ಅವು ಅಲ್ಲಿಯವು. ಹಿಲ್ಕರ್ ತಂಡಕ್ಕೂ ಅದೇ ಹೊತ್ತಿನಲ್ಲಿ ಬೇರೆ ದಾರಿಯಿಂದ ಸಿಕ್ಕಿದ್ದವು.

ಸುಮ್ನೆ ಓದುಗ:
ಅಂದರೆ ಆರಿಸಿ ನೋಡಿದ್ದಿದ್ದರೆ ಇನ್ನೂ ಸಿಗುತ್ತಿರಲಿಲ್ಲ. ಚೆನ್ನಾಗಿದೆ.

ಪಾತರಗಿತ್ತಿ:
ಇದೇ ಥರದ್ದು ಇನ್ನೊಂದು. 2015ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಪದವಿ ವಿದ್ಯಾರ್ಥಿಗಳು, ಇನ್ನೂ ಡಿಗ್ರಿ ಮುಗಿಸದವರು, ಎಲ್ಲರಿಗೂ ಬಿಟ್ಟಿಯಾಗಿ ಸಿಗುವ ಹಳೆ ಚಿತ್ರಗಳನ್ನು ಜಾಲಾಡಿ ಎಂ59-ಯುಸಿಡಿ3 ಮತ್ತು ಎಂ85-ಎಚ್‌ಸಿಸಿ1 ಹುಡುಕಿದರು. ಆ ಕಾಲಕ್ಕೆ ಗೊತ್ತಿದ್ದವುಗಳಲ್ಲಿ ಅತಿ ದಟ್ಟವಾದವು. ಟೆಲಿಸ್ಕೋಪ್ ಮುಟ್ಟದೆ ಕೂತಲ್ಲೇ ಮಾಡಿದ ಕೆಲಸ! ನನ್ನ ಕಾಲೇಜಿನಲ್ಲಿ ಒಬ್ಬರು "ಡಿಗ್ರಿಯವರು ಸಂಶೋಧನೆ ಮಾಡುವುದು ಸಿನಿಮಾದಲ್ಲಿ" ಎಂದಿದ್ದರು. ಆ ಲೇಖನ ಪ್ರಿಂಟ್ ತೆಗೆದು ಅವರ ಟೇಬಲ್ ಮೇಲೆ ಇಟ್ಟು ಬಂದಿದ್ದೆ.

ಧೂಮಕೇತು:
ಮುಂದೇನಾಯಿತು?

ಪಾತರಗಿತ್ತಿ:
ಇಂಟರ್ನಲ್ಸ್‌ನಲ್ಲಿ ಗೊತ್ತಾಯಿತು.

ರಾತ್ರಿಪಾಳಿ:
ಅಂದಹಾಗೆ ಎಂ32 ಕಂಡುಹಿಡಿದವನ ಕತೆ ಗೊತ್ತಾ? ಫ್ರಾನ್ಸಿನ ಲೆ ಜಾಂಟಿ, 1749ರಲ್ಲಿ. ಅದೇ ಮನುಷ್ಯ 1761ರ ಶುಕ್ರ ಸಂಕ್ರಮಣ (ಸೂರ್ಯನ ಮುಂದೆ ಶುಕ್ರ ಗ್ರಹ ಹಾದುಹೋಗುವುದು) ನೋಡಲು ಹಡಗು ಹತ್ತಿ ಪಾಂಡಿಚೇರಿಗೆ ಹೊರಟ. ಹೋಗುವಷ್ಟರಲ್ಲಿ ಊರು ಬ್ರಿಟಿಷರ ಕೈ ಸೇರಿತ್ತು, ಸಂಕ್ರಮಣದ ದಿನ ಸಮುದ್ರದ ನಡುವೆ ತೂಗಾಡುವ ಹಡಗಿನಲ್ಲಿದ್ದ. ಮುಂದಿನದಕ್ಕೆ ಎಂಟು ವರ್ಷ ಈ ಕಡೆಯೇ ಕಾದ. 1769ರಲ್ಲಿ ಪಾಂಡಿಚೇರಿಯಲ್ಲಿ ಎಲ್ಲ ತಯಾರಿ ಮಾಡಿಕೊಂಡು ಕೂತರೆ ಮೋಡ! ವಾಪಸ್ ಮನೆಗೆ ಹೋದರೆ ಸತ್ತಿದ್ದಾನೆ ಅಂತ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು.

ಮೂರನೇ ಬೆಂಚು:
ಅಯ್ಯೋ ಪಾಪ. ಎಂ32 ಒಂದಾದರೂ ದಕ್ಕಿತಲ್ಲ.

ಹಠಮಾರಿ:
ವಿಷಯಕ್ಕೆ ಬನ್ನಿ ಮಾರಾಯ್ರೇ. ಎಂ32ರ ಮೂಲದ ಬಗ್ಗೆ ಇನ್ನೂ ಯಾರೂ ಪುರಾವೆ ಕೊಟ್ಟಿಲ್ಲ. ಆಂಡ್ರೊಮಿಡಾ ಪಕ್ಕದಲ್ಲಿದೆ ಅನ್ನುವುದು ಪುರಾವೆ ಅಲ್ಲ. ಪಕ್ಕದ ಮನೆಯವನು ಅಂದ ಮಾತ್ರಕ್ಕೆ ಕಳ್ಳ ಆಗಿಬಿಡುತ್ತಾನಾ?

ಅರುಂಧತಿ:
ಪುರಾವೆ ನಕ್ಷತ್ರಗಳ ಮೈಯಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆಮ್ಲಜನಕ, ಕಬ್ಬಿಣದಂಥ ಭಾರದ ಧಾತುಗಳು ಹುಟ್ಟುವುದು ನಕ್ಷತ್ರಗಳ ಒಳಗೆ. ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿದಾಗ ಅವು ಹೊರಗೆ ಚೆಲ್ಲುತ್ತವೆ. ಇಂಥ ಭಾರದ ಧಾತುಗಳನ್ನೆಲ್ಲ ಖಗೋಳದವರು ಲೋಹ ಎಂದೇ ಕರೆಯುತ್ತಾರೆ. ದೊಡ್ಡ ಗ್ಯಾಲಕ್ಸಿಗೆ ಗುರುತ್ವ ಜೋರು, ಚೆಲ್ಲಿದ್ದನ್ನು ಹಿಡಿದಿಟ್ಟುಕೊಂಡು ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಬಳಸುತ್ತದೆ. ಚಿಕ್ಕದಕ್ಕೆ ಹಿಡಿದಿಡುವ ಶಕ್ತಿ ಇಲ್ಲ, ತುಂಬಾ ಪಾಲು ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಚಿಕ್ಕ ಗ್ಯಾಲಕ್ಸಿಗಳಲ್ಲಿ ಲೋಹಾಂಶ ಕಮ್ಮಿ, ದೊಡ್ಡವುಗಳಲ್ಲಿ ಜಾಸ್ತಿ. ಈ ನಂಟು ಸಾಕಷ್ಟು ಗಟ್ಟಿ.

ಈಗ ದೊಡ್ಡ ಗ್ಯಾಲಕ್ಸಿಯೊಂದನ್ನು ಸುಲಿಯಿರಿ. ತೂಕ ಇಳಿಯಿತು. ಉಳಿದ ನಕ್ಷತ್ರಗಳ ಒಳಗಿನ ಲೋಹ ಇಳಿಯಿತಾ? ಇಲ್ಲ. ಎಂ32ರ ನಕ್ಷತ್ರಗಳಲ್ಲಿ ಲೋಹಾಂಶ ಸೂರ್ಯನ ಹತ್ತಿರ ಹತ್ತಿರ ಇದೆ. ಅಷ್ಟು ಬೆಳಕಿನ ಸಾಮಾನ್ಯ ಕುಬ್ಜದಲ್ಲಿ ಇಷ್ಟು ಇರಲು ಸಾಧ್ಯವೇ ಇಲ್ಲ. ಜೊತೆಗೆ ನಡುವಿನಲ್ಲಿ ಸುಮಾರು 25 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ. ಬಡವನ ಮನೆಯಲ್ಲಿ ಅರಮನೆಯ ಸಾಮಾನು ಕಂಡರೆ ಏನಂತೀರಿ?

2018ರಲ್ಲಿ ರಿಚರ್ಡ್ ಡಿಸೋಜಾ ಮತ್ತು ಎರಿಕ್ ಬೆಲ್ ಇನ್ನೂ ಮುಂದೆ ಹೋದರು. ಆಂಡ್ರೊಮಿಡಾದ ಹೊರವಲಯದಲ್ಲಿ ಚೆಲ್ಲಿರುವ ನಕ್ಷತ್ರಗಳನ್ನು ನೋಡಿ, ಸುಮಾರು 200 ಕೋಟಿ ವರ್ಷಗಳ ಹಿಂದೆ ಅದು ಒಂದು ಭಾರಿ ಗ್ಯಾಲಕ್ಸಿಯನ್ನು ನುಂಗಿದೆ ಎಂದರು. ನಮ್ಮ ನೆರೆಹೊರೆಯಲ್ಲಿ ಆಂಡ್ರೊಮಿಡಾ ಮತ್ತು ಹಾಲುಹಾದಿ ಬಿಟ್ಟರೆ ಅದೇ ಮೂರನೇ ದೊಡ್ಡದಾಗಿತ್ತಂತೆ. ಹೊರ ಮೈ ಆಂಡ್ರೊಮಿಡಾ ಪಾಲಾಯಿತು, ನಡುವಿನ ಗಟ್ಟಿ ಭಾಗವೇ ಎಂ32 ಅನ್ನುವುದು ಅವರ ವಾದ. ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹಠಮಾರಿ:
"ಎಲ್ಲರೂ ಒಪ್ಪಿಲ್ಲ" ಅನ್ನುವುದನ್ನು ಕೊನೆಯಲ್ಲಿ ಪಿಸುಗುಟ್ಟಿದಿರಿ. 😄 ಲೋಹಾಂಶದ ಮಾತು ಮಾತ್ರ ಗಟ್ಟಿ ಇದೆ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಹಾಗಾದರೆ ಒಂಟಿಯಾಗಿರುವ ಸಾಂದ್ರ ಗ್ಯಾಲಕ್ಸಿಗಳು? ಅಕ್ಕಪಕ್ಕ ಯಾರೂ ಇಲ್ಲ. ಅವನ್ನು ಸುಲಿದವರು ಯಾರು, ಗಾಳಿಯಾ?

ಪಾತರಗಿತ್ತಿ:
ಇದಕ್ಕೂ ಉತ್ತರ ಇದೆ, ಮಜಾ ಇದೆ. 2015ರಲ್ಲಿ ಚಿಲಿಂಗರಿಯನ್ ಮತ್ತು ಝೊಲೊಟುಖಿನ್ 195 ಸಾಂದ್ರ ದೀರ್ಘವೃತ್ತಾಕಾರದ ಗ್ಯಾಲಕ್ಸಿಗಳನ್ನು ಕಲೆಹಾಕಿದರು. ಅವುಗಳಲ್ಲಿ 11 ಒಂಟಿ. ಆದರೆ ಒಂಟಿಯವೂ ಗುಂಪಿನಲ್ಲಿರುವವೂ ಗುಣದಲ್ಲಿ ಒಂದೇ ಥರ. ಅವರು ಹೇಳಿದ್ದು, ಇವು ಮೊದಲು ಗುಂಪಿನಲ್ಲೇ ಸುಲಿಸಿಕೊಂಡವು, ಆಮೇಲೆ ಮೂರನೇ ಗ್ಯಾಲಕ್ಸಿಯೊಂದು ನಡುವೆ ಬಂದಾಗ ಕವಣೆ ಕಲ್ಲಿನ ಹಾಗೆ ಹೊರಗೆ ಎಸೆಯಲ್ಪಟ್ಟವು.

ಹಠಮಾರಿ:
ಸಾಕ್ಷಿ ಓಡಿಹೋಗಿದ್ದಾನೆ ಅನ್ನುವುದೇ ಸಾಕ್ಷಿ! ಹನ್ನೊಂದರಲ್ಲಿ ಒಂದೆರಡಾದರೂ ಹುಟ್ಟಾ ಸಾಂದ್ರ ಇರಬಾರದಾ?

ಪಾತರಗಿತ್ತಿ:
ಇರಬಹುದು. ಬೇಡ ಅಂದವರು ಯಾರು?

ಮೂರನೇ ಬೆಂಚು:
ಇದೆಲ್ಲ ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆ. ನಮ್ಮ ಹಾಲುಹಾದಿ ಯಾರನ್ನೂ ಸುಲಿದಿಲ್ವಾ? ಇಲ್ಲಾ ನಾವು ಸಾಚಾ?

ಚುಕ್ಕಿ ಎಣಿಸುವವ:
ಇದು ನನಗೆ ಗೊತ್ತು. ಒಮೇಗಾ ಸೆಂಟಾರಿ! ಬರಿಗಣ್ಣಿಗೆ ಕಾಣುವ ಗೋಳಗುಚ್ಛ, 17,000 ಜ್ಯೋತಿರ್ವರ್ಷ ದೂರ, ಸುಮಾರು ಒಂದು ಕೋಟಿ ನಕ್ಷತ್ರ. ಹಿಂದೆ ಟಾಲೆಮಿ ಇದನ್ನು ನಕ್ಷತ್ರ ಅಂತಲೇ ಬರೆದುಕೊಂಡಿದ್ದ, ಆಮೇಲೆ ಬಂದ ಗ್ರೀಕ್ ಅಕ್ಷರದ ಹೆಸರೂ ನಕ್ಷತ್ರದ್ದೇ. 1677ರಲ್ಲಿ ಹ್ಯಾಲಿ ನೋಡಿ ಇದು ನಕ್ಷತ್ರ ಅಲ್ಲ ಅಂದ. ಈಗ ಗುಚ್ಛವೂ ಅಲ್ಲ, ಸುಲಿದ ಗ್ಯಾಲಕ್ಸಿಯ ಗರ್ಭ ಅನ್ನುತ್ತಿದ್ದಾರೆ. ಪ್ರತಿ ಸಲವೂ ಬಡ್ತಿ.

ಅರುಂಧತಿ:
ಸರಿಯಾಗಿ ಹೇಳಿದಿರಿ. ಸಾಮಾನ್ಯ ಗೋಳಗುಚ್ಛದ ನಕ್ಷತ್ರಗಳಲ್ಲಿ ಕಬ್ಬಿಣದ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಒಮೇಗಾ ಸೆಂಟಾರಿಯಲ್ಲಿ ಬೇರೆ ಬೇರೆ ಲೋಹಾಂಶದ ಹಲವು ತಲೆಮಾರುಗಳಿವೆ. 2024ರಲ್ಲಿ ಹೇಬರ್ಲ ತಂಡ ಹಬಲ್‌ನ ಇಪ್ಪತ್ತು ವರ್ಷಗಳ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿತು. ನಡುವಿನಲ್ಲಿ ಏಳು ನಕ್ಷತ್ರಗಳು ಗುಚ್ಛದಿಂದ ತಪ್ಪಿಸಿಕೊಂಡು ಹೋಗಬೇಕಾದಷ್ಟು ವೇಗದಲ್ಲಿ ಓಡುತ್ತಿದ್ದವು. ಹೋಗಿಲ್ಲ ಅಂದರೆ ಯಾರೋ ಹಿಡಿದಿದ್ದಾರೆ. ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಬೇಕು ಎಂದು ಲೆಕ್ಕ ಬಂತು.

ಇನ್ನು ಸುಲಿಗೆ ಕಣ್ಣೆದುರೇ ನಡೆಯುತ್ತಿರುವುದನ್ನು ನೋಡಬೇಕಾ? ಧನು ರಾಶಿಯ ಕುಬ್ಜ ಗ್ಯಾಲಕ್ಸಿ, 1994ರಲ್ಲಿ ಪತ್ತೆಯಾದದ್ದು. ನಾವು ಅದನ್ನು ಹಿಗ್ಗಿಸಿ ಆಕಾಶದ ಸುತ್ತ ಹಗ್ಗದ ಹಾಗೆ ಎಳೆದಿದ್ದೇವೆ. ಅದರ ನಡುವಿನಲ್ಲಿ ಎಂ54 ಗುಚ್ಛ ಇದೆ. ಮೆಸ್ಸಿಯರ್ 1778ರಲ್ಲೇ ನೋಡಿದ್ದ. ಸುತ್ತಲಿನ ಗ್ಯಾಲಕ್ಸಿ ಕಾಣಲು ಇನ್ನೂ ಇನ್ನೂರು ವರ್ಷದ ಮೇಲೆ ಬೇಕಾಯಿತು.

ಮೂರನೇ ಬೆಂಚು:
ಸಾಚಾ ಅಲ್ಲ ಅಂತಾಯಿತು.

ಧೂಮಕೇತು:
ಮೇಡಂ, ಆರಂಭದಲ್ಲಿ ನೀಲಿ ಜಾತಿ ಅಂದು ಕೈಬಿಟ್ಟಿರಿ. ಅವು ನಿಜವಾಗಿ ಈಗಷ್ಟೇ ಹುಟ್ಟಿದವಾ? ಒಂದನೇ ಜ್ವಿಕಿ 18 ಅಂತ ಒಂದು ಇದೆ, ವಿಶ್ವದ ಅತಿ ಕಿರಿಯ ಗ್ಯಾಲಕ್ಸಿ ಅಂತ ಎಲ್ಲೋ ಓದಿದ ನೆನಪು.

ಪಾತರಗಿತ್ತಿ:
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕತೆ ಅದು. ಸ್ವಲ್ಪ ಉಲ್ಟಾ, ಕೂಸು ಹುಟ್ಟಿ ಯಾವ ಕಾಲವಾಗಿತ್ತೋ. ಜ್ವಿಕಿ ಎಂಬ ಖಗೋಳ ವಿಜ್ಞಾನಿ ತನ್ನ ಸಾಂದ್ರ ಗ್ಯಾಲಕ್ಸಿಗಳ ಪಟ್ಟಿಗಳಲ್ಲಿ ಮೊದಲನೆಯದರ 18ನೇ ಸಾಲಿನಲ್ಲಿ ಬರೆದಿದ್ದಕ್ಕೆ ಆ ಹೆಸರು. ಫೋಟೋ ತಟ್ಟೆಯಲ್ಲಿ ನಕ್ಷತ್ರಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ ಎಂಬಂಥವನ್ನು ಅವನು ಸಾಂದ್ರ ಅನ್ನುತ್ತಿದ್ದ. 1972ರಲ್ಲಿ ಸರ್ಲ್ ಮತ್ತು ಸಾರ್ಜೆಂಟ್ ಅದರ ಅನಿಲ ಪರೀಕ್ಷಿಸಿದರೆ ಆಮ್ಲಜನಕ ತೀರಾ ಕಮ್ಮಿ. ಸೂರ್ಯನಲ್ಲಿರುವ ಪ್ರಮಾಣದ ಕೆಲವೇ ಪರ್ಸೆಂಟ್. ಇದರಲ್ಲಿ ನಕ್ಷತ್ರಗಳು ಈಗಷ್ಟೇ ಹುಟ್ಟಲು ಶುರುವಾಗಿವೆಯಾ ಎಂಬ ಚರ್ಚೆ ಮೂವತ್ತು ವರ್ಷ ನಡೆಯಿತು. 2004ರಲ್ಲಿ ಹಬಲ್ ಚಿತ್ರ ನೋಡಿ 50 ಕೋಟಿ ವರ್ಷಕ್ಕಿಂತ ಕಿರಿಯದು ಅಂದರು, ದೊಡ್ಡ ಸುದ್ದಿಯಾಯಿತು. ಮೂರೇ ವರ್ಷ. 2007ರಲ್ಲಿ ಅದೇ ಹಬಲ್ ಇನ್ನೂ ಆಳಕ್ಕೆ ನೋಡಿದಾಗ ಮುದಿ ಕೆಂಪು ದೈತ್ಯ ನಕ್ಷತ್ರಗಳು ಸಿಕ್ಕವು. ದೂರವೂ ಅಂದುಕೊಂಡಿದ್ದಕ್ಕಿಂತ ಜಾಸ್ತಿ, 5.9 ಕೋಟಿ ಜ್ಯೋತಿರ್ವರ್ಷ. ದೂರ ಇದ್ದದ್ದಕ್ಕೇ ಮುದುಕರು ಮೊದಲು ಕಂಡಿರಲಿಲ್ಲ.

ಲೆಕ್ಕದ ಮೇಷ್ಟ್ರು:
ಇಂಥವುಗಳ ಬದುಕು ಬಿಟ್ಟು ಬಿಟ್ಟು ಬರುವ ಜ್ವರದ ಹಾಗೆ. ಅನಿಲ ನಡುವಿಗೆ ಬಂದು ಬಿದ್ದಾಗ ನಕ್ಷತ್ರಗಳ ಸುಗ್ಗಿ. ಸೂಪರ್‌ನೋವಾಗಳು ಅನಿಲವನ್ನು ಕೆದಕಿ ಹೊರಗೆ ತಳ್ಳುತ್ತವೆ, ಸುಗ್ಗಿ ನಿಲ್ಲುತ್ತದೆ. ಅನಿಲ ತಣ್ಣಗಾಗಿ ವಾಪಸ್ ಬಂದರೆ ಮತ್ತೆ ಶುರು. ನಮಗೆ ಕಣ್ಣಿಗೆ ಬೀಳುವುದು ಜ್ವರ ಏರಿದವು ಮಾತ್ರ, ಅದಕ್ಕೇ ಎಲ್ಲವೂ ನೀಲಿ, ಎಲ್ಲವೂ ಎಳೆಯವು ಅನಿಸುತ್ತವೆ.

ರಾತ್ರಿಪಾಳಿ:
ಹಸಿರು ಬಟಾಣಿ ಗ್ಯಾಲಕ್ಸಿಗಳೂ ಇದೇ ಜಾತಿನಾ? ಗ್ಯಾಲಕ್ಸಿ ಝೂದಲ್ಲಿ ಮನೆಯಲ್ಲಿ ಕೂತ ಸಾಮಾನ್ಯ ಜನ ಗುರುತಿಸಿದ್ದು. ನಾನೂ ಆಗ ಸಾವಿರಾರು ಚಿತ್ರ ಒತ್ತಿದ್ದೆ. ಒಂದೂ ಬಟಾಣಿ ಸಿಗಲಿಲ್ಲ.

ಪಾತರಗಿತ್ತಿ:
ಹೌದು, ಅವುಗಳ ದೂರದ, ಇನ್ನೂ ಜೋರಿನ ನೆಂಟರು. 2009ರಲ್ಲಿ ಅವುಗಳ ಮೇಲೆ ಮೊದಲ ಲೇಖನ ಬಂತು. ಬಿಸಿ ಆಮ್ಲಜನಕ 500.7 ನ್ಯಾನೋಮೀಟರಿನಲ್ಲಿ ಬೆಳಗುತ್ತದೆ. ದೂರದಿಂದ ಬರುವಾಗ ಅದು ಹಿಗ್ಗಿ ಕೆಂಪು ಫಿಲ್ಟರಿಗೆ ಬೀಳುತ್ತದೆ, ಆ ಸರ್ವೇ ಚಿತ್ರಗಳಲ್ಲಿ ಆ ಫಿಲ್ಟರಿಗೆ ಕೊಟ್ಟ ಬಣ್ಣವೇ ಹಸಿರು.  2022ರಲ್ಲಿ ಜೇಮ್ಸ್ ವೆಬ್ ಕಳಿಸಿದ ಮೊದಲ ಆಳದ ಚಿತ್ರದಲ್ಲಿ ವಿಶ್ವದ ಎಳೆಗಾಲದ ಕೆಲವು ಪುಟ್ಟ ಗ್ಯಾಲಕ್ಸಿಗಳ ರೋಹಿತ ಸಿಕ್ಕಿತಲ್ಲ, ಅವೂ ಹೆಚ್ಚುಕಮ್ಮಿ ಬಟಾಣಿಗಳ ಹಾಗೇ ಇದ್ದವು.

ಸುಮ್ನೆ ಓದುಗ:
ಮೊದಲ ಪೋಸ್ಟಿನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಗುಚ್ಛಕ್ಕೂ ಗ್ಯಾಲಕ್ಸಿಗೂ ಗೆರೆ ಎಲ್ಲಿ?

ಲೆಕ್ಕದ ಮೇಷ್ಟ್ರು:
2012ರಲ್ಲಿ ವಿಲ್ಮನ್ ಮತ್ತು ಸ್ಟ್ರೇಡರ್ ಒಂದು ಗೆರೆ ಎಳೆದರು. ಕಣ್ಣಿಗೆ ಕಾಣುವಂಥ ಸಾಮಾನ್ಯ ದ್ರವ್ಯ ಮತ್ತು ನ್ಯೂಟನ್ನನ ಗುರುತ್ವ, ಇವೆರಡರಿಂದಲೇ ವಿವರಿಸಲು ಆಗದ ನಕ್ಷತ್ರಗಳ ಕೂಟ ಇದ್ದರೆ ಅದು ಗ್ಯಾಲಕ್ಸಿ. ಡಾರ್ಕ್ ಮ್ಯಾಟರ್ ಅಂತ ಹೆಸರು ಹಿಡಿಯದೆ ಜಾಣತನದಿಂದ ಬರೆದಿದ್ದಾರೆ. ಆದರೆ ಯುಸಿಡಿಗೆ ಹಚ್ಚಿದರೆ ಕಷ್ಟ. ಸುಲಿಯುವಾಗ ಮೊದಲು ಹೋಗುವುದೇ ಹೊರಗಿನ ಡಾರ್ಕ್ ಮ್ಯಾಟರ್. ಹುಟ್ಟಿದಾಗ ಗ್ಯಾಲಕ್ಸಿ, ಈಗ ಅಲ್ಲ ಅನ್ನಬೇಕಾಗುತ್ತದೆ.

ಹಠಮಾರಿ:
ಅದನ್ನೇ ನಾನು ಆಗಿನಿಂದ ಬಡಕೊಳ್ಳುತ್ತಿರುವುದು! ಈಗ ಏನಾಗಿದೆಯೋ ಅದರ ಹೆಸರಿಡಿ. ತಾತ ಜಮೀನ್ದಾರ ಆಗಿದ್ದ ಅಂತ ಮೊಮ್ಮಗನನ್ನು ಜಮೀನ್ದಾರ ಅನ್ನುತ್ತೀರಾ?

ಅರುಂಧತಿ:
ಹೆಸರಿನ ಜಗಳದಲ್ಲಿ ನಿಮಗೆ ಗೆಲುವು ಬಿಟ್ಟುಕೊಟ್ಟೆ. ಮೂಲದ ಜಗಳದಲ್ಲಿ ಇಲ್ಲ. 2023ರಲ್ಲಿ ಕನ್ಯಾ ಗುಚ್ಛದಲ್ಲೇ 106 ಗ್ಯಾಲಕ್ಸಿಗಳನ್ನು ಸುಲಿಗೆಯ ಬೇರೆ ಬೇರೆ ಹಂತದಲ್ಲಿ ಹಿಡಿದಿದ್ದಾರೆ. ಕೆಲವಕ್ಕೆ ಇನ್ನೂ ಅಗಲವಾದ ಮೈ ಇದೆ, ಕೆಲವಕ್ಕೆ ತೆಳ್ಳಗಿನ ಮಸುಕು ಸೆರಗು ಮಾತ್ರ, ಕೊನೆಗೆ ಬರೀ ಗರ್ಭ. ದೊಡ್ಡ ಗ್ಯಾಲಕ್ಸಿಗಳ ಹತ್ತಿರವೇ ಇವು ಹೆಚ್ಚು. ನಡುವೆ ಗೋಡೆ ಇಲ್ಲ ಅಂದಿರಲ್ಲ, ನಿಜ. ಗುಚ್ಛದ ಕಡೆಗೂ ಇಲ್ಲ, ಗ್ಯಾಲಕ್ಸಿಯ ಕಡೆಗೂ ಇಲ್ಲ.

ಹಠಮಾರಿ:
ಆ 106ರ ಲೇಖನ ನಾನು ಓದಿಲ್ಲ. ಓದಿಕೊಂಡು ಬಂದು ಜಗಳ ಮುಂದುವರಿಸುತ್ತೇನೆ.

ಚುಕ್ಕಿ ಎಣಿಸುವವ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮತ್ತೆ ಎಂ32 ನೋಡಿದೆ. ಅದೇ ಚುಕ್ಕಿ, ಆದರೆ ಈ ಸಲ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಎಂ110 ಈ ಸಲವೂ ಸತಾಯಿಸಿತು.

ಅರುಂಧತಿ:
ಎಂ110 ಬಗ್ಗೆ ಒಂದು ಹೇಳಲು ಮರೆತಿದ್ದೆ. ಅದರ ನಟ್ಟನಡುವೆ ಒಂದು ಬಿಗಿಯಾದ ಪುಟ್ಟ ಗರ್ಭ ಇದೆ. ಹೊರಗಿನ ಅಂಚುಗಳು ಆಂಡ್ರೊಮಿಡಾ ಸೆಳೆತಕ್ಕೆ ಈಗಲೇ ತಿರುಚಿಕೊಂಡಿವೆ.

ರಾತ್ರಿಪಾಳಿ:
ಓಹೋ. ಹಾಗಾದರೆ ಒದ್ದಾಡಬೇಡಿ ಗುರೂ. ಇನ್ನೊಂದಷ್ಟು ಕೋಟಿ ವರ್ಷ ತಡೆಯಿರಿ, ಅದೂ ಚುಕ್ಕಿಯಾಗಿ ಸಲೀಸಾಗಿ ಕಾಣುತ್ತದೆ.

ಚುಕ್ಕಿ ಎಣಿಸುವವ:
ಆ ರಾತ್ರಿ ಮೋಡ ಇರುತ್ತದೆ. ಲೆ ಜಾಂಟಿ ಕತೆ ಓದಿದ ಮೇಲೆ ಗ್ಯಾರಂಟಿ.